ಮಳೆಗಾಲಕ್ಕೆ ಮುನ್ನ ಹಳೆಯ ಟಿಲ್ಲರಿನ ಆರೈಕೆ

ವಾಶಿಯಲ್ಲಿ ನೆಲಸಿರುವ ನಮ್ಮವರಲ್ಲಿ ಹಲವರಿಗೆ ಊರಿನಲ್ಲಿ ಇಂದಿಗೂ ಅಷ್ಟಿಷ್ಟು ಗದ್ದೆಯುಂಟು. ಹಿಂದೆ ಕೋಣಗಳನ್ನು ಕಟ್ಟುತ್ತಿದ್ದ ಹಟ್ಟಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದ ಹಳೆಯ ಪವರ್ ಟಿಲ್ಲರೊಂದು ನಿಂತಿರುವುದೂ ಉಂಟು. ಮೇ ತಿಂಗಳ ರಜೆಯಲ್ಲಿ ಮತ್ಸ್ಯಗಂಧ ಗಾಡಿ ಹಿಡಿದು ಊರಿಗೆ ಹೋದೊಡನೆ ಅಣ್ಣಂದಿರು ಕೇಳುವ ಪ್ರಶ್ನೆ ಒಂದೇ: ಇದನ್ನು ಗುಜರಿಗೆ ಕೊಡುವುದೋ, ರಿಪೇರಿ ಮಾಡಿಸುವುದೋ? ಕರಾವಳಿಗೆ ಮಳೆ ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಇಳಿಯುತ್ತದೆ. ಏಣೆಲು ಬೆಳೆಗೆ ಗದ್ದೆ ಹದಗೊಳಿಸುವ ದಿನ ಯಂತ್ರ ಮುಷ್ಕರ ಹೂಡಿದರೆ ಬಾಡಿಗೆಯ ಟಿಲ್ಲರಿಗಾಗಿ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ನೇಜಿ ಬಲಿತುಹೋಗಿರುತ್ತದೆ.

ಅಮೆರಿಕದ ಹಿಮ ಬೀಳುವ ಪ್ರಾಂತಗಳಲ್ಲಿ ಇದೇ ಪ್ರಶ್ನೆ ಶರತ್ಕಾಲದಲ್ಲಿ ಏಳುತ್ತದೆ. ಅಲ್ಲಿ 1946ರಲ್ಲಿ ಆರಂಭವಾದ ವೀಲ್ ಹಾರ್ಸ್ ಮುಂತಾದ ಕಂಪೆನಿಗಳ ಹಳೆಯ ತೋಟದ ಟ್ರ್ಯಾಕ್ಟರುಗಳಿಗೆ ಹಲಗೆ ಕಟ್ಟಿ, ಮನೆಯಂಗಳದ ಹಿಮವನ್ನು ಸರಿಸುವ ಹವ್ಯಾಸಿಗಳಿದ್ದಾರೆ. ಅವರಿಗೆ ಹಿಮ, ನಮಗೆ ಕೆಸರು. ವರ್ಷದಲ್ಲಿ ಕೆಲವೇ ದಿನ ದುಡಿದು, ಉಳಿದ ದಿನ ನಿಂತಲ್ಲೇ ನಿಲ್ಲುವ ಯಂತ್ರದ ಕಾಯಿಲೆಗಳು ಮಾತ್ರ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ನಮ್ಮ ಟಿಲ್ಲರುಗಳ ಮೂಲ ಜಪಾನು. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಗೆ ಮಿತ್ಸುಬಿಷಿಯ ಸಹಯೋಗವಿತ್ತು. 1973ರಲ್ಲಿ ಕೇರಳದಲ್ಲಿ ಹುಟ್ಟಿದ ಕಾಮ್ಕೋದ ಟಿಲ್ಲರಿಗೆ ಕುಬೋಟಾ ಮಾದರಿ. ಎರಡರಲ್ಲಿಯೂ ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್. ರಚನೆ ಸರಳವಾದುದರಿಂದಲೇ ಇವು ದೀರ್ಘಾಯುಷಿಗಳು. ಬ್ಯಾಂಕಿನ ಲೆಕ್ಕದಲ್ಲಿ ಸವಕಳಿ ಕಳೆದು ಬೆಲೆ ಶೂನ್ಯಕ್ಕೆ ಇಳಿದ ಯಂತ್ರವೂ ಗದ್ದೆಯಲ್ಲಿ ಸೊಗಸಾಗಿ ಓಡುವುದನ್ನು ಕಂಡಾಗ ನನ್ನ ವಾಣಿಜ್ಯಶಾಸ್ತ್ರದ ಪದವಿಯ ಮೇಲೆ ನನಗೇ ಸಂಶಯ ಬರುವುದುಂಟು.

ಮೊದಲು ನೋಡಬೇಕಾದುದು ಡೀಸೆಲ್ ಟ್ಯಾಂಕು. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವದ ಗಾಳಿ ಸೇರಿ, ನೀರಾಗಿ ತಳದಲ್ಲಿ ನಿಲ್ಲುತ್ತದೆ. ಆದುದರಿಂದ ಹಳೆಯ ಡೀಸೆಲನ್ನು ಪೂರ್ತಿಯಾಗಿ ಇಳಿಸಿ, ಫಿಲ್ಟರನ್ನು ತೊಳೆದು ಇಲ್ಲವೆ ಬದಲಿಸಿ, ಹೊಸ ಡೀಸೆಲ್ ತುಂಬಬೇಕು. ಬಳಿಕ ಗಾಳಿ ಬಿಡಿಸುವ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಗಳಿಲ್ಲದೆ ಡೀಸೆಲ್ ಹರಿಯುವವರೆಗೆ ಕಾಯಬೇಕು. 'ಎಂಜಿನ್ ಸತ್ತಿದೆ' ಎಂದು ಊರವರು ತೀರ್ಮಾನಿಸಿದ ಎಷ್ಟೋ ಟಿಲ್ಲರುಗಳ ಕೊಳವೆಯಲ್ಲಿ ಗಾಳಿ ಸಿಕ್ಕಿರುತ್ತದೆ, ಅಷ್ಟೆ.

ಗೇರ್ ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಸವೆದು ಗದ್ದೆಯ ನೀರು ಒಳಹೊಕ್ಕಿದೆಯೆಂದು ತಿಳಿಯಬೇಕು. ಎಣ್ಣೆಯನ್ನಷ್ಟೇ ಬದಲಿಸಿ ಸೀಲನ್ನು ಹಾಗೆಯೇ ಬಿಡುವುದು ಸುಳ್ಳು ಉಳಿತಾಯ. ಬೇರಿಂಗುಗಳು ತುಕ್ಕು ಹಿಡಿದರೆ ಖರ್ಚು ಹಲವು ಪಾಲಾಗುತ್ತದೆ. ವಿ-ಬೆಲ್ಟುಗಳಲ್ಲಿ ಒಂದು ಸೀಳಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸತಕ್ಕದ್ದು. ಹೊಸದೊಂದು ಹಳೆಯ ಎರಡು ಸೇರಿದರೆ ಭಾರವೆಲ್ಲ ಹೊಸದರ ಮೇಲೆಯೇ ಬೀಳುತ್ತದೆ. ಸವೆದ ಬ್ಲೇಡುಗಳ ವಿಷಯ ಹೇಳಬೇಕಾದುದೇ ಇಲ್ಲ, ನೋಡಿದರೆ ತಿಳಿಯುತ್ತದೆ.

ಇನ್ನು ಆರೋಗ್ಯದ ಮಾತು. ಕೈಯಿಂದ ತಿರುಗಿಸಿ ಚಾಲೂ ಮಾಡುವ ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹಾಗೆ ಒದೆದ ಹಿಡಿಯಿಂದ ನನ್ನ ಅಣ್ಣನ ಮಣಿಕಟ್ಟು ಮುರಿದು, ಆ ವರ್ಷ ನಮ್ಮ ಗದ್ದೆ ಹಡಿಲು ಬಿದ್ದಿತು. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತದೆ ಉಳಿದ ಬೆರಳುಗಳ ಬದಿಯಲ್ಲಿಯೇ ಇಟ್ಟುಕೊಳ್ಳಬೇಕು. ಡಿಕಂಪ್ರೆಶನ್ ಸನ್ನೆಯನ್ನು ಎತ್ತಿ ಮೊದಲು ಕೆಲವು ಸುತ್ತು ತಿರುಗಿಸಿದರೆ ಎಣ್ಣೆಯೂ ಒಳಗೆಲ್ಲ ಹರಡುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ, ಮುಚ್ಚಿದ ಹಟ್ಟಿಯೊಳಗೆ ಎಂಜಿನ್ ಓಡಿಸಲೇಬಾರದು.

ಇಳಿಜಾರಿನಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಸಮತಲದಲ್ಲಿ ಎಡಗಡೆಯ ಸ್ಟೀರಿಂಗ್ ಕ್ಲಚ್ ಒತ್ತಿದರೆ ಟಿಲ್ಲರು ಎಡಕ್ಕೆ ತಿರುಗುತ್ತದೆ. ಇಳಿಯುವಾಗ ಹಾಗಲ್ಲ: ಬಿಡುಗಡೆಗೊಂಡ ಎಡಚಕ್ರ ತನ್ನ ಪಾಡಿಗೆ ವೇಗವಾಗಿ ಉರುಳುವುದರಿಂದ ಯಂತ್ರ ಬಲಕ್ಕೆ ನುಗ್ಗುತ್ತದೆ. ವರ್ಷಕ್ಕೊಮ್ಮೆ ಮುಂಬಯಿಯಿಂದ ಹೋಗಿ ಉತ್ಸಾಹದಿಂದ ಟಿಲ್ಲರು ಹಿಡಿಯುವ ನಮ್ಮಂಥವರು ಇದನ್ನು ಮರೆತು ಕಂಟದಿಂದ ಕೆಳಗುರುಳುವ ಸಂಭವ ಹೆಚ್ಚು. ಕಾಲಿನಲ್ಲಿ ಗಾಯವಿರುವವರು ಕೆಸರಿಗೆ ಇಳಿಯದಿರುವುದು ಲೇಸು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ತಗಲುತ್ತದೆ. ಗದ್ದೆಯ ಕೆಲಸದ ಅನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು, ಕೆಸರಿನಲ್ಲಿ ದುಡಿದ ಸಂಗತಿಯನ್ನೂ ಅವರಿಗೆ ತಿಳಿಸಬೇಕು.

ಉಳುಮೆ ಮುಗಿದ ಮೇಲೆ ಯಂತ್ರವನ್ನು ತೊಳೆದು ಒಣಗಿಸಿ, ನೀರನ್ನು ಇಳಿಸಿ, ಟ್ಯಾಂಕನ್ನು ತುಂಬಿಸಿ, ಎರಡು ವಾಲ್ವುಗಳೂ ಮುಚ್ಚಿರುವಂತೆ ಪಿಸ್ಟನನ್ನು ಒತ್ತಡದ ಘಟ್ಟದಲ್ಲಿ ನಿಲ್ಲಿಸಬೇಕು. ತೇವ ಒಳಹೋಗದು. ಎಣ್ಣೆ ಬದಲಿಸಿದ ತಾರೀಕನ್ನು ಹಟ್ಟಿಯ ಬಾಗಿಲ ಒಳಬದಿಯಲ್ಲಿ ಬರೆದಿಡುವ ಪದ್ಧತಿ ನಮ್ಮ ಮನೆಯಲ್ಲಿದೆ. ಮುಂದಿನ ಮೇ ತಿಂಗಳಲ್ಲಿ ಊರಿಗೆ ಹೋದವರು ಮೊದಲು ಓದುವುದು ಅದನ್ನೇ.