ಹುಳು ಸರಾಸರಿ ನೋಡಿ ತಿನ್ನಲ್ಲ

ಬೇಲಿ ಸಾಲಲ್ಲಿ ಹತ್ತು ಎಕ್ಕದ ಗಿಡ ಇದ್ದರೆ, ಒಂದರ ಎಲೆಯೆಲ್ಲ ಹುಳು ತಿಂದು ಜರಡಿಯಾಗಿರುತ್ತೆ, ಪಕ್ಕದ್ದಕ್ಕೆ ಒಂದು ತೂತೂ ಇರಲ್ಲ. ಇದನ್ನು ‘ಸರಾಸರಿ ಇಷ್ಟು ಹಾನಿ’ ಅಂತ ಬರೆದು ಮುಂದೆ ಹೋಗೋದರ ಬಗ್ಗೆ ನನ್ನ ತಕರಾರಿದೆ. ತಲಾ ಆದಾಯ ತೋರಿಸಿ ಬಡತನ ಮುಚ್ಚಿಡುವ ಲೆಕ್ಕವೂ ಹೀಗೇ ಅಲ್ವಾ?

ಈ ಏರುಪೇರನ್ನೇ ಅಳೆಯಲು ಹಲವು ದೇಶಗಳ ವಿಜ್ಞಾನಿಗಳು ಒಟ್ಟಾದರು. 503 ಜಾತಿಯ ಸಸ್ಯಗಳ 790 ಗುಂಪುಗಳನ್ನು ನೋಡಿ, 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಹೆಚ್ಚು. ಸಣ್ಣ ಗಿಡಗಳಲ್ಲೂ ಹೆಚ್ಚು. ಇದು ಊಹಿಸಬಹುದಾದ್ದೇ: ದೊಡ್ಡ ಮರದಲ್ಲಿ ಇಲ್ಲೊಂದು ಅಲ್ಲೊಂದು ಎಲೆ ಹೋಗಿ ಲೆಕ್ಕ ಸಮ ಆಗುತ್ತೆ, ಪುಟ್ಟ ಗಿಡಕ್ಕೆ ಹುಳು ಬಂದರೆ ಗಿಡವೇ ಖಾಲಿ, ಬರದಿದ್ದರೆ ಬಚಾವ್.

ಗಿಡಗಳು ಒಂದೇ ಥರ ಇಲ್ಲದಿರುವುದು ಹುಳುಗಳಿಗೂ ಕಷ್ಟ. 53 ಜಾತಿಯ ಕೀಟಗಳ ಮಾಹಿತಿ ಜೋಡಿಸಿದ 2016ರ ಅಧ್ಯಯನವೊಂದು ‘ನೇಚರ್’ನಲ್ಲಿ ಬಂತು. ಎಲೆಗಳ ಪೋಷಕಾಂಶ ಏರುಪೇರಾದಷ್ಟೂ ಕೀಟಗಳ ಬೆಳವಣಿಗೆ ಕುಗ್ಗುತ್ತೆ ಅಂತ ಅದು ತೋರಿಸಿತು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಕೂಡ ಹುಳುವಿಗೆ ಸಲೀಸಾಗಿ ದಾರಿ ಬಿಡೋ ಬೆಳೆಗಳಲ್ಲ. ಮೈಲಿಗಟ್ಟಲೆ ಒಂದೇ ತಳಿಯ ಮೆಕ್ಕೆಜೋಳ ಹಾಕಿದಾಗ ಆ ಅಡ್ಡಿಯನ್ನು ನಾವೇ ಕಿತ್ತು ಹಾಕಿದ ಹಾಗೆ. ಅಮೆರಿಕ ಖಂಡಗಳ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾಗಿದ್ದು 2018ರಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲೇ.

ಹಾಗಂತ ಈ ಹುಳು ಎಲ್ಲರ ಹೊಲವನ್ನೂ ಸಮನಾಗಿ ತಿನ್ನಲ್ಲ. ಅದು ಮೊಟ್ಟೆ ಇಡೋದು ಗುಂಪಾಗಿ, ಇಷ್ಟ ಎಳೆ ಸುಳಿ. ಅಕ್ಕಪಕ್ಕದ ಇಬ್ಬರು ಬೇರೆಬೇರೆ ವಾರ ಬಿತ್ತಿದ್ದರೆ ನಷ್ಟವೂ ಬೇರೆಬೇರೆ. ಆದರೆ ಫಸಲ್ ಬಿಮಾ ಯೋಜನೆ ಕೀಟಬಾಧೆಯ ನಷ್ಟವನ್ನು ಅಳೆಯೋದು ಪ್ರದೇಶದ ಸರಾಸರಿ ಇಳುವರಿಯಿಂದ. ನಮ್ಮಲ್ಲಿ ಮುಖ್ಯ ಬೆಳೆಗಳಿಗೆ ಆ ಪ್ರದೇಶ ಅಂದ್ರೆ ಗ್ರಾಮ ಪಂಚಾಯಿತಿ. ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ ಒಬ್ಬೊಬ್ಬರ ಹೊಲ ನೋಡಿ ಪರಿಹಾರ ಕೊಡಲು ಅವಕಾಶ ಇದೆ. ಹುಳು ತಿಂದರೆ ಇಲ್ಲ. ಪಂಚಾಯಿತಿಯ ಉಳಿದ ಹೊಲಗಳಲ್ಲಿ ಇಳುವರಿ ಚೆನ್ನಾಗಿ ಬಂದಿದ್ದರೆ, ಪೂರ್ತಿ ಕಳಕೊಂಡ ರೈತನ ಖಾತೆಗೆ ಬರೋದು ಸೊನ್ನೆ.