ಬೆನ್ನುಹುರಿಯ ದೋಷವೂ ಮಕ್ಕಳ ಮೂತ್ರಾಶಯವೂ

ಮಗುವು ಬಟ್ಟೆಯನ್ನು ಒದ್ದೆಮಾಡಿಕೊಳ್ಳುವುದು ಯಾವ ಮನೆಗೂ ಹೊಸದಲ್ಲ. ಆದರೆ ಬೆನ್ನುಹುರಿಯ ದೋಷದೊಡನೆ ಹುಟ್ಟಿದ ಮಗುವು ಐದಾರು ವರ್ಷಗಳಾದರೂ ಹಗಲಿರುಳು ಒದ್ದೆಯಾಗುತ್ತಿದ್ದರೆ, ಅದನ್ನು ಹಟವೆಂದೆಣಿಸಿ ಗದರಿಸುವುದು ದೊಡ್ಡ ತಪ್ಪು. ಇದನ್ನು ಗೃಹಸ್ಥರ ಗಮನಕ್ಕೆ ತರಬೇಕೆಂಬುದೇ ನಮ್ಮ ಉದ್ದೇಶವು.

ಗರ್ಭವು ನೆಲೆಗೊಂಡ ನಾಲ್ಕು ವಾರಗಳೊಳಗೆ ಶಿಶುವಿನ ಬೆನ್ನುಹುರಿಯಾಗಬೇಕಾದ ನಾಳವು ಮುಚ್ಚಿಕೊಳ್ಳಬೇಕು. ಅದು ಮುಚ್ಚದೆ ಉಳಿದರೆ ಬೆನ್ನಿನ ಮೇಲೆ ಗಂಟು ಕಾಣಿಸಿಕೊಳ್ಳುವುದು. ಬೇರೆ ಬಗೆಯ ದೋಷಗಳಲ್ಲಿ ಸೊಂಟದ ಮೇಲೊಂದು ಕೂದಲ ಗೊಂಚಲೋ ಕುಳಿಯೋ ಮಾತ್ರ ಗುರುತಾಗಿರುವುದೂ ಉಂಟು. ಕೆಳಗಿನ ನರಗಳು ಕೆಟ್ಟುದರಿಂದ ಮೂತ್ರಾಶಯಕ್ಕೆ ಮಿದುಳಿನ ಅಪ್ಪಣೆ ಸರಿಯಾಗಿ ತಲುಪದು. ಅದು ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುವುದು. ಅದೇ ಹೊತ್ತಿಗೆ ಮೂತ್ರದ್ವಾರವನ್ನು ಕಾಯುವ ಸ್ನಾಯುವು ಬಿಗಿದುಕೊಂಡರೆ ಒಳಗಿನ ಒತ್ತಡವೇರಿ, ಮೂತ್ರವು ಮೇಲಕ್ಕೆ ಮರಳಿ, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುವುವು. ಒದ್ದೆ ಬಟ್ಟೆಯು ಕಣ್ಣಿಗೆ ಕಾಣುವುದು. ಈ ಕೇಡು ಕಾಣದು. ಆದುದರಿಂದಲೇ ಒತ್ತಡವನ್ನಳೆಯುವ ಪರೀಕ್ಷೆಯನ್ನು ಎಳವೆಯಲ್ಲಿಯೇ ಮಾಡಿಸಬೇಕು.

ಚಿಕಿತ್ಸೆಯ ಮುಖ್ಯ ಸಾಧನವು ಒಂದು ತೆಳ್ಳನೆಯ ನಳಿಗೆ. 1972ರಲ್ಲಿ ಅಮೆರಿಕದ ಮಿಷಿಗನ್ನಿನ ವೈದ್ಯರಾದ ಜ್ಯಾಕ್ ಲ್ಯಾಪಿಡಿಸ್ ಎಂಬವರು, ಶಸ್ತ್ರಕ್ರಿಯೆಯ ಕೊಠಡಿಯ ಶುದ್ಧಿಯಿಲ್ಲದೆಯೂ, ಸೋಪಿನಿಂದ ತೊಳೆದ ಕೈಯಿಂದಲೇ ನಳಿಗೆಯಿಟ್ಟು ಮೂತ್ರವನ್ನು ಹೊರಗೆಡಹಬಹುದೆಂದು ತೋರಿಸಿದರು. ಸಾಮಾನ್ಯವಾಗಿ ಮೂರು ನಾಲ್ಕು ಗಂಟೆಗಳಿಗೊಮ್ಮೆ ಇದನ್ನು ಮಾಡಬೇಕು. ಈ ಮಕ್ಕಳಲ್ಲಿ ಹಲವರಿಗೆ ಲೇಟೆಕ್ಸ್ ರಬ್ಬರು ಒಗ್ಗದಾದುದರಿಂದ ಅದಿಲ್ಲದ ನಳಿಗೆಯೇ ಲೇಸು.

ಇದರೊಡನೆ ಮೂತ್ರಾಶಯವನ್ನು ಶಾಂತಗೊಳಿಸುವ ಆಕ್ಸಿಬ್ಯುಟಿನಿನ್ ಎಂಬ ಔಷಧವನ್ನು ವೈದ್ಯರು ಕೊಡುವರು. ಇದರಿಂದ ಬಾಯಿ ಒಣಗುವುದು, ಮಲಬದ್ಧತೆಯಾಗುವುದು, ಬೆವರು ತಗ್ಗುವುದು. ಬೇಸಗೆಯಲ್ಲಿ ಮಗುವನ್ನು ಬಿಸಿಲಿನಿಂದ ಕಾಪಾಡಬೇಕು. ಮಲಬದ್ಧತೆಯು ಮೂತ್ರಾಶಯವನ್ನು ಇನ್ನಷ್ಟು ಕೆಣಕುವುದರಿಂದ ಅದನ್ನೂ ಕಡೆಗಣಿಸಲಾಗದು. ಈ ಔಷಧವು ಸಾಲದಿದ್ದರೆ, 2021ರಲ್ಲಿ ಅಮೆರಿಕದಲ್ಲಿ ಇಂಥ ಮಕ್ಕಳಿಗೆ ಒಪ್ಪಿಗೆ ಪಡೆದ ಮಿರಾಬೆಗ್ರಾನ್ ಎಂಬ ಔಷಧವೂ ಬೊಟ್ಯುಲಿನಮ್ ಚುಚ್ಚುಮದ್ದೂ, ಕಟ್ಟಕಡೆಗೆ ಕರುಳಿನ ತುಂಡಿನಿಂದ ಮೂತ್ರಾಶಯವನ್ನು ಹಿಗ್ಗಿಸುವ ಶಸ್ತ್ರಕ್ರಿಯೆಯೂ ಉಂಟು.

ಹೂಡಿಯ ನಿವಾಸಿಗಳಿಗೆ ಆಸ್ಪತ್ರೆಗಳು ದೂರವಿಲ್ಲ. ನೆರೆಯ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ತೆರೆದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆಯು ಉಚಿತವಾಗಿ ದೊರೆಯುವುದು. ನಗರದಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಆದರೆ ಬೆನ್ನಿನ ಗಂಟನ್ನು ಮುಚ್ಚಿದ ಮಾತ್ರಕ್ಕೆ ಕೆಟ್ಟ ನರಗಳು ಚೇತರಿಸವು. ನಿತ್ಯದ ಚಿಕಿತ್ಸೆ ನಡೆಯುವುದು ಮನೆಯಲ್ಲಿ, ಗಡಿಯಾರದ ಮುಂದೆ. ತಂದೆತಾಯಿಗಳಿಬ್ಬರೂ ಕಾರ್ಖಾನೆಗೋ ಕಚೇರಿಗೋ ಹೋಗುವ ಈ ಊರಿನಲ್ಲಿ ನಡುಹಗಲಿನ ಹೊತ್ತು ಶಾಲೆಯ ಪಾಲಿಗೆ ಬೀಳುವುದು. ಉಪಾಧ್ಯಾಯರಿಗೆ ವಿಷಯವನ್ನು ಮುಚ್ಚಿಡದೆ ತಿಳಿಸಿ, ಅಗುಳಿಯುಳ್ಳ ಶುಚಿಯಾದ ಕೊಠಡಿಯೊಂದನ್ನು ಕೇಳಿಕೊಳ್ಳಬೇಕು. ತಾಳ್ಮೆಯಿಂದ ಕಲಿಸಿದರೆ ಏಳೆಂಟು ವರ್ಷದ ಅನೇಕ ಮಕ್ಕಳು ನಳಿಗೆಯನ್ನು ತಾವೇ ಇಟ್ಟುಕೊಳ್ಳಬಲ್ಲರು.

ಇಂಥ ಮಗುವಿರುವ ಮನೆಯಲ್ಲಿ ಮತ್ತೊಂದು ಮಗುವಿನ ಆಸೆಯಿದ್ದರೆ, ತಾಯಿಯು ಗರ್ಭ ನಿಲ್ಲುವ ಮೊದಲೇ ವೈದ್ಯರ ಸಲಹೆಯಂತೆ ಫೋಲಿಕ್ ಆಮ್ಲವನ್ನು ಸೇವಿಸತಕ್ಕದ್ದು. ಇದರಿಂದ ದೋಷವು ಮರುಕಳಿಸುವುದು ನಾಲ್ಕರಲ್ಲಿ ಮೂರು ಪಾಲಿನಷ್ಟು ತಪ್ಪುವುದೆಂದು 1991ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು.

ನಾಚಿಕೆಯಿಂದ ಮುಚ್ಚಿಟ್ಟ ಬೇನೆಯು ಮೂತ್ರಪಿಂಡವನ್ನೇ ತಿನ್ನುವುದು. ಹೊತ್ತುಹೊತ್ತಿಗೆ ನಳಿಗೆಯಿಡುವ ತಾಯಿಯ ಕೈ ಮಗುವಿನ ಆಯುಸ್ಸನ್ನೇ ಕಾಯುವುದೆಂಬುದನ್ನು ಮನೆಯವರೆಲ್ಲರೂ ಮರೆಯದಿರಲಿ.