ಮಗನ ಹೆಡ್‌ಫೋನಿನೊಳಗೆ ಏನಿದೆ?

ನಿಮ್ಮ ಮನೆಯಲ್ಲೂ ಇಂತಹ ದೃಶ್ಯ ಇರಬಹುದು. ರಾತ್ರಿ ಹನ್ನೊಂದು ಗಂಟೆ. ಮನೆ ಮಂದಿಯೆಲ್ಲ ಮಲಗಿದ್ದಾರೆ. ಮಗ ಮಾತ್ರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಬೆರಳಿನಿಂದ ಮೇಜು ಬಡಿಯುತ್ತಾ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ. "ಏನು ಮಾಡ್ತಿದ್ದೀಯಾ?" ಎಂದು ಕೇಳಿದರೆ "ಏನಿಲ್ಲಮ್ಮಾ" ಎಂಬ ಉತ್ತರ. ಆ 'ಏನಿಲ್ಲ'ದ ಒಳಗೆ ಏನಿದೆ ಎಂದು ತಾಯಿಯಾದವಳು ತಿಳಿಯುವುದು ಹೇಗೆ?

ಪೀಣ್ಯದಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಇದೇ ಚಿಂತೆ ಹೊತ್ತು ನನ್ನ ಬಳಿ ಬಂದಿದ್ದರು. ಪಿಯುಸಿ ಓದುವ ಹಿರಿಯ ಮಗ ಕಂಪ್ಯೂಟರಿನಲ್ಲಿ ಸಂಗೀತ ತಯಾರಿಸುತ್ತಾನಂತೆ. ಕಲಿಸುವವರು ಇಂಟರ್‌ನೆಟ್ಟಿನ ಅಪರಿಚಿತರಂತೆ. "ಟೀಚರ್, ಇದು ಹರಾಮಲ್ಲವೇ? ಕಂಪ್ಯೂಟರನ್ನು ಮಾರಿಬಿಡಲೇ?" ಎಂದು ಕೇಳುವಾಗ ಅವರ ಕಣ್ಣು ತುಂಬಿತ್ತು.

ನಾನು ಮದ್ರಸದಲ್ಲಿ ಕಲಿತವಳು ನಿಜ. ಆದರೆ ಫತ್ವಾ ಕೊಡುವಷ್ಟು ಅರ್ಹತೆ ನನಗಿಲ್ಲ. "ತೀರ್ಪು ಕೊಡುವ ಮೊದಲು ಅವನು ಮಾಡುವುದನ್ನೊಮ್ಮೆ ನೋಡೋಣ" ಎಂದೆ.

ಹುಡುಗ ಮೊದಲು ಹಿಂಜರಿದ. ಬೈಯಲು ಬಂದವಳಲ್ಲ ಎಂದು ಖಾತ್ರಿಯಾದ ಮೇಲೆ ಎಲ್ಲವನ್ನೂ ತೋರಿಸಿದ. ಪರದೆಯ ಮೇಲೆ ಒಂದರ ಕೆಳಗೊಂದರಂತೆ ಉದ್ದನೆಯ ಸಾಲುಗಳು. ಒಂದು ಸಾಲಿನಲ್ಲಿ ತಾಳ, ಇನ್ನೊಂದರಲ್ಲಿ ಸ್ವರ, ಮತ್ತೊಂದರಲ್ಲಿ ಧ್ವನಿ. ನಾವು ಬಿರಿಯಾನಿಗೆ ಪದರ ಪದರವಾಗಿ ಅನ್ನ, ಮಸಾಲೆ ಹಾಕುವಂತೆಯೇ ಇದು. ಕಂಪ್ಯೂಟರ್ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಸಿಡಿಗಳಲ್ಲಿ ಬಳಸುವ ಅಳತೆ ಅದು. ಅಂಕಿಯಾದ ಮೇಲೆ ಶಬ್ದವನ್ನು ಕತ್ತರಿಸಬಹುದು, ಹಿಗ್ಗಿಸಬಹುದು, ಮೇಲೆ ಕೆಳಗೆ ಮಾಡಬಹುದು. ತಾಳದ ವೇಗ 120 ಎಂದು ಇಟ್ಟರೆ ನಿಮಿಷಕ್ಕೆ 120 ಪೆಟ್ಟು, ಅಂದರೆ ಸೆಕೆಂಡಿಗೆ ಎರಡು.

ಇಷ್ಟು ಹೇಳಿ ಅವನೊಂದು ತುಣುಕು ಕೇಳಿಸಿದ. ನಾನು ಬೆರಗಾದೆ. ಅದರ ತಾಳ ತಬಲೆಯದ್ದಲ್ಲ, ಲೇಥ್ ಯಂತ್ರದ್ದು! ತಂದೆ ದುಡಿಯುವ ಕಾರ್ಖಾನೆಯ ಶಬ್ದವನ್ನು ಮೊಬೈಲಿನಲ್ಲಿ ಹಿಡಿದು ತಂದು ಅದರಿಂದಲೇ ತಾಳ ಹೆಣೆದಿದ್ದ.

ಇದೆಲ್ಲ ಪರದೇಶದ ಹುಚ್ಚು ಎಂದು ನಾವು ಭಾವಿಸುತ್ತೇವೆ. ಆದರೆ ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಸಹೋದರರು ನೀರಿನ ಬಲದಿಂದ ತಾನಾಗಿಯೇ ನುಡಿಯುವ ಕೊಳಲಿನ ಯಂತ್ರವನ್ನು ವಿವರಿಸಿ ಬರೆದಿದ್ದಾರೆ. ತಿರುಗುವ ಉರುಳೆಯ ಮೇಲಿನ ಹಲ್ಲುಗಳು ಕೊಳಲಿನ ಯಾವ ರಂಧ್ರ ಯಾವಾಗ ತೆರೆಯಬೇಕೆಂದು ನಿರ್ಧರಿಸುತ್ತಿದ್ದವು. ಇನ್ನು ನಮ್ಮ ಬೆಂಗಳೂರಿನಲ್ಲೇ 1979ರಲ್ಲಿ ಇಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಪೀಣ್ಯದ ಹುಡುಗನೊಬ್ಬ ಯಂತ್ರದಿಂದ ನಾದ ಹುಡುಕಿದರೆ ಅದು ಈ ಊರಿಗೆ ಹೊಸತೇನಲ್ಲ.

ಹಾಗಾದರೆ ಆ ಅಪರಿಚಿತ ಗುರುಗಳು ಯಾರು? ಒಬ್ಬರೆಂದಿಲ್ಲ. ತಾವು ಮಾಡಿದ ಅರೆಬರೆ ಕೆಲಸವನ್ನು ಪರಸ್ಪರ ಕೇಳಿಸಿ, ತಪ್ಪು ಹೇಳಿಕೊಳ್ಳುವವರ ಕೂಟವದು. ತಾಳ ಸ್ವರವನ್ನು ನುಂಗುತ್ತಿದೆ, ಅದನ್ನು ತಗ್ಗಿಸು ಎಂದು ಯಾರೋ ಬರೆಯುತ್ತಾರೆ. ಇವನು ತಿದ್ದಿ ಮತ್ತೆ ಕೇಳಿಸುತ್ತಾನೆ. ತನ್ನ ತಪ್ಪನ್ನು ಹತ್ತು ಜನರ ಮುಂದಿಟ್ಟು ತಿದ್ದಿಕೊಳ್ಳುವುದು ಸಣ್ಣ ಪಾಠವಲ್ಲ. ತರಗತಿಯಲ್ಲಿ ನಾನದನ್ನು ಕಲಿಸಲು ಎಷ್ಟು ಹೆಣಗುತ್ತೇನೆಂದು ನನಗೆ ಗೊತ್ತು.

ಹಾಗೆಂದು ಕಣ್ಣು ಮುಚ್ಚಿ ಕೂರುವಂತಿಲ್ಲ ಸಹೋದರಿಯರೇ. ಆ ದಿನ ನಾವು ಮೂವರೂ ಕುಳಿತು ಕೆಲವು ನಿಯಮಗಳನ್ನು ಮಾಡಿಕೊಂಡೆವು. ನಿಮಗೂ ಉಪಯೋಗವಾಗಬಹುದು.

ಮೊದಲನೆಯದಾಗಿ, ಕಳ್ಳ ಸಾಫ್ಟ್‌ವೇರ್ ಬೇಡ. ಬೆಲೆಯುಳ್ಳ ಸಾಫ್ಟ್‌ವೇರಿನ ಕದ್ದ ಪ್ರತಿ ಹಾಕಿಕೊಳ್ಳುವುದು ಇನ್ನೊಬ್ಬರ ದುಡಿಮೆಯನ್ನು ಕದಿಯುವುದೇ. ಅದರೊಂದಿಗೆ ವೈರಸ್ಸೂ ಬರುತ್ತದೆ. ಆಡಾಸಿಟಿ (2000ದಲ್ಲಿ ಬಿಡುಗಡೆಯಾದದ್ದು) ಮತ್ತು ಎಲ್‌ಎಂಎಂಎಸ್ ಎಂಬ ಸಾಫ್ಟ್‌ವೇರುಗಳು ಉಚಿತವಾಗಿಯೇ ಸಿಗುತ್ತವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಆಡಾಸಿಟಿ ಕಲಿಸುವ ಪಾಠಗಳಿವೆ.

ಎರಡನೆಯದು, ಇನ್ನೊಬ್ಬರ ಧ್ವನಿ ತುಣುಕನ್ನು ಅನುಮತಿಯಿಲ್ಲದೆ ಬಳಸಬಾರದು. ಬಾರ್ಸಿಲೋನಾದ ವಿಶ್ವವಿದ್ಯಾನಿಲಯವೊಂದು 2005ರಲ್ಲಿ ಆರಂಭಿಸಿದ ಫ್ರೀಸೌಂಡ್ ಎಂಬ ಸಂಗ್ರಹದಲ್ಲಿ ಮಳೆಯಿಂದ ರೈಲಿನವರೆಗೆ ಎಲ್ಲ ಶಬ್ದಗಳೂ ಸಿಗುತ್ತವೆ. ಪ್ರತಿಯೊಂದನ್ನೂ ಯಾವ ಷರತ್ತಿನ ಮೇಲೆ ಬಳಸಬಹುದೆಂದು ಅಲ್ಲೇ ಬರೆದಿರುತ್ತದೆ.

ಮೂರನೆಯದು, ಹೆಸರು, ವಿಳಾಸ, ಫೋಟೋ, ಫೋನ್ ನಂಬರ್ ಯಾರಿಗೂ ಕೊಡಬಾರದು. ಗುಂಪಿನಿಂದ ಹೊರಗೆ, ಒಂಟಿಯಾಗಿ ಮಾತಿಗೆ ಕರೆಯುವವರಿಗೆ ಉತ್ತರ ಕೊಡಬಾರದು. ಕಂಪ್ಯೂಟರ್ ಕೋಣೆಯೊಳಗಲ್ಲ, ಹಜಾರದಲ್ಲಿರಬೇಕು. ಇಶಾ ಕಳೆದು ಒಂದು ಗಂಟೆಯ ನಂತರ ಅದನ್ನು ಮುಚ್ಚಿಡಬೇಕು.

ನಾಲ್ಕನೆಯ ನಿಯಮವನ್ನು ಆ ಹುಡುಗನೇ ಹಾಕಿಕೊಂಡ. ಸಂಜೆ ತಂದೆ ಕೆಲಸದಿಂದ ಬಂದಾಗ ಅವರಿಗೂ ಆ ತುಣುಕನ್ನು ಕೇಳಿಸಿದ. ತನ್ನ ಯಂತ್ರದ ಸದ್ದು ಗುರುತಿಸಿ ಅವರು ನಕ್ಕರು. "ಅದರ ಮೇಲೆ ಸಣ್ಣಗೆ ಟಿಣ್ ಟಿಣ್ ಅನ್ನುತ್ತಲ್ಲ, ಅದು ಹೇಗಿದೆ ಅಬ್ಬಾ?" ಎಂದು ಮಗ ಕೇಳಿದ. ತಂದೆ ಮತ್ತೆ ಮತ್ತೆ ಕಿವಿಗೊಟ್ಟರು. "ಯಾವ ಟಿಣ್ ಟಿಣ್? ನನಗೆ ಕೇಳಿಸಲಿಲ್ಲವಲ್ಲ" ಎಂದರು.

ಮನೆಯಲ್ಲಿ ಯಾರೂ ಮಾತನಾಡಲಿಲ್ಲ. ಇಪ್ಪತ್ತು ವರ್ಷ ಯಂತ್ರಗಳ ಗದ್ದಲದಲ್ಲಿ ನಿಂತು ಮಕ್ಕಳನ್ನು ಸಾಕಿದ ಕಿವಿಗಳವು. ಟಿವಿಯ ಸದ್ದು ಏರಿಸುತ್ತಾರೆ, ಕರೆದರೆ ಓಗೊಡುವುದಿಲ್ಲ ಎಂದು ಹೆಂಡತಿ ಅಷ್ಟು ದಿನ ಗೊಣಗುತ್ತಿದ್ದರು. ಯಾರಿಗೂ ಕಾರಣ ಹೊಳೆದಿರಲಿಲ್ಲ.

ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗದ್ದಲದಿಂದ ಮೊದಲು ನಾಶವಾಗುವುದು ಎತ್ತರದ, ತೆಳುವಾದ ಸ್ವರಗಳನ್ನು ಕೇಳುವ ಶಕ್ತಿ. ಗದ್ದಲದಿಂದ ಬರುವ ಕಿವುಡುತನವನ್ನು ನಮ್ಮ ಹಿಂದಿನ ಕಾರ್ಖಾನೆ ಕಾಯ್ದೆಯೂ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಹೆಡ್‌ಫೋನ್ ಕೂಡ ಅದೇ ಕೆಲಸ ಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಅಂದಿನಿಂದ ಹುಡುಗ ಸದ್ದು ತಗ್ಗಿಸಿದ. ಮರುವಾರ ತಂದೆಯನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದವನೂ ಅವನೇ.

ಇನ್ನು ತಾಯಿಯ ಪ್ರಶ್ನೆ. ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಹಳೆಯದು. ಹೆಚ್ಚಿನವರು ನಿಷೇಧಿಸಿದ್ದಾರೆ. ಇಬ್ನು ಹಝ್ಮ್‌ರಂತಹವರು ಬೇರೆ ಅಭಿಪ್ರಾಯ ತಳೆದರು. ಮದುವೆಯ ದಫ್ ನಮಗೆಲ್ಲ ಪರಿಚಿತವೇ. ವಾದ್ಯ ಬಳಸದೆ ಬರೀ ಮನುಷ್ಯರ ಕಂಠವನ್ನೇ ಪದರಗಳಾಗಿ ಹೆಣೆದ ನಶೀದ್‌ಗಳೂ ಇದೇ ಕಂಪ್ಯೂಟರ್ ವಿದ್ಯೆಯಿಂದ ತಯಾರಾಗುತ್ತವೆ. ನೀವು ನಂಬುವ ಆಲಿಮರನ್ನು ಕೇಳಿ ನಿರ್ಧರಿಸಿ. ಆದರೆ ಕೇಳಲು ಹೋಗುವಾಗ ಮಗನನ್ನೂ ಜೊತೆಗೆ ಕರೆದೊಯ್ಯಿರಿ. ಅವನ ಬೆನ್ನ ಹಿಂದೆ ಕೊಟ್ಟ ತೀರ್ಪು ಅವನ ಮನಸ್ಸಿಗೆ ಇಳಿಯುವುದಿಲ್ಲ.

ಆ ತಾಯಿ ಕಂಪ್ಯೂಟರ್ ಮಾರಲಿಲ್ಲ. ತೀರಿಹೋದ ತನ್ನ ತಂದೆಯ ಧ್ವನಿಯಿರುವ ಹಳೆಯ ಕ್ಯಾಸೆಟ್ಟೊಂದನ್ನು ಪೆಟ್ಟಿಗೆಯಿಂದ ತೆಗೆದು ಮಗನ ಕೈಗಿಟ್ಟರು. ಅವನು ಅದರ ಸರಬರ ಸದ್ದನ್ನು ತೆಗೆದು ಶುಚಿ ಮಾಡಿಕೊಟ್ಟ. ಮೊನ್ನೆ ಸಿಕ್ಕಿದಾಗ, "ಅಬ್ಬಾ ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು ಟೀಚರ್" ಎಂದರು.

ಇಂದು ರಾತ್ರಿ ನಿಮ್ಮ ಮಗ "ಏನಿಲ್ಲಮ್ಮಾ" ಎಂದರೆ ಗದರಬೇಡಿ. ಅವನ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕುಳಿತು, "ನನಗೂ ಸ್ವಲ್ಪ ಕೇಳಿಸು" ಎನ್ನಿ.